ಸೈಪ್ರೆಸ್ ಮನೆಗೆ ಊಟಕ್ಕೆ ಬಂದ ಸ್ವೀಡನ್ನಿನವರು

ಹೇರ್ ಸ್ಪ್ರೇ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಮೊದಲು ಅನುಮಾನ ಬರುತ್ತದೆ, ಆಮೇಲೆ ಅಳು. ಹ್ಯೂಸ್ಟನ್ ಹೊರವಲಯದ ಸೈಪ್ರೆಸ್‌ನಲ್ಲಿದ್ದ ನಮ್ಮ ಮನೆಯಲ್ಲಿ ಆ ವಾಸನೆ ಹರಡಿದ್ದು ಒಂದೇ ಒಂದು ಮಧ್ಯಾಹ್ನ. ಇಂಗಿನ ಒಗ್ಗರಣೆ, ಊದುಬತ್ತಿ, ಬಿಸಿಲಿಗೆ ಕಾದ ಕಾರ್ಪೆಟ್ಟು ಇಷ್ಟನ್ನೇ ಬಲ್ಲ ಆ ಮನೆಯ ಗಾಳಿಗೆ ಅದು ಕಳ್ಳನ ಹಾಗೆ ನುಗ್ಗಿತು. ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಅಪ್ಪ ಧಾರವಾಡದವರು, ಅಮ್ಮ ಮೈಸೂರಿನವರು. ಊಟ, ಮಾತು, ಮಲಗುವ ಹೊತ್ತು ಯಾವುದರಲ್ಲೂ ಹೊಂದದ ಇಬ್ಬರೂ ಅನುಮಾನದಲ್ಲಿ ಮಾತ್ರ ಒಂದೇ ಮನಸ್ಸಿನವರು. ಬಾಗಿಲು ತಟ್ಟಿದವನು ಏನನ್ನೋ ಮಾರಲು ಬಂದಿದ್ದಾನೆ, ನಗುನಗುತ್ತಾ ಮಾತಾಡಿಸಿದ ಪಕ್ಕದ ಮನೆಯವನಿಗೆ ನಮ್ಮಿಂದ ಏನೋ ಬೇಕಾಗಿದೆ. ನಮ್ಮ ಮನೆಗೆ ಬಂದುಹೋಗುವವರಲ್ಲಿ ಯಾರನ್ನೂ ಅನುಮಾನಿಸದೆ ಬದುಕಿದವರೆಂದರೆ ರಘು ಕಾಕಾ ಒಬ್ಬರೇ. ಅದಕ್ಕೇ ಅವರ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ.

ಕಾಕಾ ಅಪ್ಪನ ತಮ್ಮ. ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟಿಂಗ್ ಕೆಲಸ, ಮದುವೆಯಿಲ್ಲ. ಶುಕ್ರವಾರ ಬಂತೆಂದರೆ ಡ್ರೈವ್ ಮಾಡಿಕೊಂಡು ನಮ್ಮಲ್ಲಿಗೆ ಬಂದುಬಿಡುವರು. ಧಾರವಾಡದ ಕಾಲೇಜು ದಿನಗಳಲ್ಲಿ ಯಾರದೋ ಕ್ಯಾಸೆಟ್‌ನಲ್ಲಿ ಕೇಳಿದ ಸ್ವೀಡನ್ನಿನ ಒಂದು ಹಾರ್ಡ್ ರಾಕ್ ತಂಡ ಅವರ ತಲೆಗೆ ಹತ್ತಿದ್ದು ಇಳಿದಿರಲೇ ಇಲ್ಲ. ಆ ತಂಡದ ಏಳುಬೀಳುಗಳನ್ನು ಅವರು ನನಗೆ ಪುರಾಣದಂತೆ ಹೇಳುತ್ತಿದ್ದರು. ಮೊದಲ ಆಲ್ಬಮ್ಮಿಗೇ ಜಪಾನಿನಲ್ಲಿ ಹುಡುಗಿಯರು ವಿಮಾನ ನಿಲ್ದಾಣಕ್ಕೆ ಬಂದು ಅತ್ತರಂತೆ. ಮೂರನೆಯದು ಬರುವಷ್ಟರಲ್ಲಿ ಉದ್ದ ಕೂದಲಿನ ಕಾಲವೇ ಮುಗಿದು, ಹಳೇ ಸ್ವೆಟರ್ ಹಾಕಿಕೊಂಡು ಹಾಡುವವರ ಕಾಲ ಬಂತು. ರೆಕಾರ್ಡ್ ಕಂಪನಿ ಕೈಬಿಟ್ಟಿತು. ಡ್ರಮ್ಮಿನವನು ಮನೆಗಳಿಗೆ ಬಣ್ಣ ಬಳಿಯಲು ಹೋದ, ಹಾಡುಗಾರ ನೀಲ್ಸ್ ತನ್ನ ಊರಿನಲ್ಲಿ ಶಾಲಾ ಬಸ್ ಓಡಿಸಿದ. ಎಷ್ಟೋ ವರ್ಷಗಳ ಮೇಲೆ ಮತ್ತೆ ಒಂದಾದ ನಾಲ್ವರು, ನಾನು ನಾಲ್ಕನೇ ಗ್ರೇಡಿನಲ್ಲಿದ್ದಾಗ, ಟೆಕ್ಸಾಸ್‌ಗೆ ಬಂದರು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರು ಊರಿನಲ್ಲೂ ಬಾರುಗಳ ಹಿಂದಿನ ಸಣ್ಣ ಹಾಲ್‌ಗಳು. ಅವನ್ನು ಗೊತ್ತುಮಾಡಿದವರು ಕಾಕಾ. ವೆಬ್‌ಸೈಟ್ ಮಾಡಿಕೊಟ್ಟವರೂ ರಜೆ ಹಾಕಿ ವ್ಯಾನ್ ಓಡಿಸಿದವರೂ ಅವರೇ.

ಅಪ್ಪನಿಗೆ ಅದನ್ನು ಕೇಳಿ ಅನ್ನ ಸೇರಲಿಲ್ಲ. ಕೆಲಸದ ವೀಸಾದ ಮೇಲೆ ಬಂದವನು ಆಫೀಸು ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ, ಕಾಕಾನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. "ನಾ ಏನೂ ತೊಗೊಳ್ಳೂದಿಲ್ಲ ಅಣ್ಣಾ, ಪ್ರೀತಿಗೆ ಮಾಡ್ತೀನಿ" ಎಂದು ಕಾಕಾ ಹೇಳಿದಷ್ಟೂ ಅಪ್ಪನ ಅನುಮಾನ ಬಲಿಯಿತು. "ಪ್ರೀತಿ ಅಂದ್ರ ಆ ಇಮಿಗ್ರೇಶನ್ ಆಫೀಸರ್ ನಂಬ್ತಾನೇನಲೇ? ಗಂಟು ಕಟ್ಟಿಸಿ ಊರಿಗೆ ಕಳಸ್ತಾರ!" ಕೊನೆಗೆ, ಅವರನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು, ಹ್ಯೂಸ್ಟನ್ ಕಾರ್ಯಕ್ರಮದ ದಿನ ಮಧ್ಯಾಹ್ನದ ಊಟಕ್ಕೆ ಕರೆಸಿದರು.

ಹೇರ್ ಸ್ಪ್ರೇ ಹೊಡೆದ ಉದ್ದ ಕೂದಲಿನ, ಕಪ್ಪು ಚರ್ಮದ ಜಾಕೆಟ್ಟಿನ ನಾಲ್ಕು ಜನ ಬಾಗಿಲಲ್ಲಿ ನಿಂತಾಗ ಅಮ್ಮ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು. ಆದರೆ ಯಾರೂ ಹೇಳದೆಯೇ ನಾಲ್ವರೂ ಬೂಟು ಬಿಚ್ಚಿ ಗೋಡೆಗೆ ಸಾಲಾಗಿ ಇಟ್ಟು ಒಳಗೆ ಬಂದರು. ಅವರ ದೇಶದಲ್ಲೂ ಮನೆಯೊಳಗೆ ಬೂಟು ಹಾಕುವುದಿಲ್ಲವಂತೆ. ಅಮ್ಮನಿಗೆ ಅದೂ ನಾಟಕವೆನಿಸಿತು. "ರೀ, ಇವರು ಗಾಂಜಾ ಗೀಂಜಾ ಬೂಟೊಳಗೇ ಇಟ್ಕೊಂಡಿರ್ತಾರೆ ಕಣ್ರೀ" ಎಂದು ಪಿಸುಗುಟ್ಟಿ, ಅವರು ಕೂತ ಮೇಲೆ ಹೋಗಿ ಒಂದೊಂದು ಬೂಟಿಗೂ ಕೈ ಹಾಕಿ ನೋಡಿದಳು. ತಳ ಸವೆದುಹೋಗಿ, ಒಳಗೆ ರಟ್ಟು ಕತ್ತರಿಸಿ ಇಟ್ಟಿದ್ದರು. ವಾಪಸು ಬಂದವಳು ಎಲ್ಲರ ಅನ್ನಕ್ಕೂ ಇನ್ನೊಮ್ಮೆ ತುಪ್ಪ ಬಡಿಸಿದಳು.

ಅಪ್ಪ ಮಾತ್ರ ಕರಗಲಿಲ್ಲ. ಹೆಣ್ಣು ಕೊಡುವ ಮೊದಲು ಗಂಡಿನ ಮನೆಯವರನ್ನು ವಿಚಾರಿಸುವಂತೆ ನೀಲ್ಸ್‌ನನ್ನು ಕೂರಿಸಿಕೊಂಡು ವಿಚಾರಿಸಿದರು. ತಂದೆ ಏನು ಮಾಡುತ್ತಿದ್ದರು, ಒಡಹುಟ್ಟಿದವರೆಷ್ಟು, ಹೆಂಡತಿ ಯಾಕೆ ಬಿಟ್ಟಳು. ತಂದೆ ಕಾಗದದ ಕಾರ್ಖಾನೆಯಲ್ಲಿದ್ದರು, ತಂಗಿಯರಿಬ್ಬರು, ಹೆಂಡತಿಗೆ ಕಾದು ಸಾಕಾಯಿತು ಎಂದು ಆತ ತಪ್ಪು ತಿಳಿಯದೆ ಉತ್ತರಿಸಿದ. ಆಮೇಲೆ ಅಪ್ಪ ಕರಿಬೇವಿನ ಕುಂಡ ತೋರಿಸುವ ನೆಪದಲ್ಲಿ ಅವನೊಬ್ಬನನ್ನೇ ಹಿತ್ತಲಿಗೆ ಕರೆದುಕೊಂಡು ಹೋದರು. ಕಿಟಕಿಯಿಂದ ನೋಡಿದಾಗ ಆ ಎತ್ತರದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ಗಿಡ ನೋಡುತ್ತಿದ್ದಾನೆ ಎಂದುಕೊಂಡೆ.

ಆಸ್ಟಿನ್ ಕಾರ್ಯಕ್ರಮಕ್ಕೆ ಕಾಕಾ ಹೋಗಲಿಲ್ಲ. ಮರುವರ್ಷ ಆ ತಂಡದ ನಸೀಬು ತಿರುಗಿತು. ಜರ್ಮನಿಯ ಯಾವುದೋ ದೊಡ್ಡ ಬಯಲಿನಲ್ಲಿ ಜನಸಾಗರದ ಮುಂದೆ ಹಾಡಿದರಂತೆ, ಹೊಸ ಆಲ್ಬಮ್ ಬಂತಂತೆ. ಡಲ್ಲಾಸ್‌ಗೆ ಮತ್ತೆ ಬಂದಾಗ ದೊಡ್ಡ ಥಿಯೇಟರ್, ದೊಡ್ಡ ಬಸ್ಸು. ಕಾಕಾ ಅಂದು ನಮ್ಮ ಮನೆಯಲ್ಲಿ ಕೂತು ಚಪಾತಿ ತಿನ್ನುತ್ತಿದ್ದರು. ಅಮ್ಮ ಕೇಳಿದ್ದಕ್ಕೆ, "ದೊಡ್ಡವರಾದ್ರು ವೈನಿ, ಇನ್ನ ನನ್ನ ಹಂಗ್ಯಾಕ ಬೇಕು?" ಎಂದು ನಕ್ಕರು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಲ್ಲಿಂದಾಚೆ ಕಾಕಾ ಸ್ವಲ್ಪ ಸುಮ್ಮನಿದ್ದರೂ ಸಾಕು, ಅಪ್ಪ ಅವರ ಮುಖವನ್ನೇ ನೋಡುತ್ತಿದ್ದರು. ಗ್ರೀನ್ ಕಾರ್ಡ್ ಬಂದ ಮೇಲೂ ಆ ನೋಟ ಹೋಗಲಿಲ್ಲ. ಅಷ್ಟರಲ್ಲಿ ನೀಲ್ಸ್‌ನ ಗಂಟಲು ಕೆಟ್ಟು ತಂಡ ಇನ್ನೊಮ್ಮೆ ಬಿತ್ತು, ಆಮೇಲೆ ಏಳಲಿಲ್ಲ.

ಅಪ್ಪ ಹಾಸಿಗೆ ಹಿಡಿದಾಗ ನನಗೊಬ್ಬಳಿಗೇ ಹೇಳಿದರು. ಅವತ್ತು ಹಿತ್ತಲಲ್ಲಿ ನೀಲ್ಸ್‌ಗೆ, ನನ್ನ ತಮ್ಮನ ಸಂಗ ಬಿಡಿ, ನಿಮ್ಮಿಂದ ಅವನ ಬದುಕು ಹಾಳಾಗುತ್ತದೆ ಎಂದು ಹೇಳಿದ್ದರಂತೆ. "ರಘೂಗ ಗೊತ್ತಾಗೇದೇನು ನೋಡು. ಅಂವ ಏನರ ಅಂದನೇನು?" ಎಂದು ಮತ್ತೆ ಮತ್ತೆ ಕೇಳುತ್ತಲೇ ತೀರಿಕೊಂಡರು. ಸೈಪ್ರೆಸ್ ಮನೆ ಮಾರಿದೆವು. ಅಮ್ಮ ನನ್ನ ಜೊತೆ ಬಂದಳು, ಕಾಕಾ ಆಸ್ಟಿನ್‌ಗೆ ಶಿಫ್ಟ್ ಆದರು. ಅಲ್ಲಿಗೇ ಹೋಗಿ ಒಂದು ದಿನ ಎಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತದವಾ. ನೀಲ್ಸ್ ಅವತ್ತ ಸಂಜೀಕೇ ಹೇಳಿದ. ನಿಮ್ಮಣ್ಣ ಭಾಳ ಅಂಜ್ಯಾನ, ನೀ ಮನೀಗೆ ಹೋಗು ಅಂದ."

ನನಗೆ ಸಿಟ್ಟು ಬಂತು. ಹಾಗಾದರೆ ಅಪ್ಪನಿಗೆ ಒಂದು ಮಾತು ಹೇಳಬಾರದಿತ್ತೇ, ಅಷ್ಟು ವರ್ಷ ಒದ್ದಾಡಿದರಲ್ಲ ಎಂದೆ.

"ಹೇಳಿದ್ರ ಅಣ್ಣ ನಾಚಿಕೊಂಡು ನನ್ನ ಕರೀಯೋದು ಬಿಡ್ತಿದ್ದ. ಈ ದೇಶದಾಗ ನನಗ ಹೋಗಲಿಕ್ಕೆ ಇನ್ನೊಂದು ಮನಿ ಎಲ್ಲಿತ್ತವಾ?"

ನಾನು ಅಪ್ಪನ ಮಗಳು. ಆ ಮಾತಿನಲ್ಲೂ ಏನಾದರೂ ಸುಳ್ಳಿದೆಯೇ ಎಂದು ಅವರ ಮುಖವನ್ನೇ ನೋಡಿದೆ. ಇರಲಿಲ್ಲ.