ಹಲಸು ಇಳಿಸಿದ ನಾಣಯ್ಯ ಭಾವ

ನನ್ನ ಅಕ್ಕ ಸರೋಜಳ ಗಂಡ ನಾಣಯ್ಯ ಭಾವನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ತಿತಿಮತಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಈಗ ಆನೆಗಳ ಬಗ್ಗೆ ಅಧ್ಯಯನ ಮಾಡುವ ಒಂದು ತಂಡದಲ್ಲಿದ್ದಾರೆ. ಓದಿದವರು ಹೇಳಿದ್ದನ್ನು ತೋಟದವರಿಗೆ ಅರ್ಥವಾಗುವಂತೆ ಹೇಳಬೇಕು, ತೋಟದವರ ಬೈಗುಳವನ್ನು ಅಧಿಕಾರಿಗಳ ಕಿವಿಗೆ ಹಿತವಾಗುವಂತೆ ತಿದ್ದಿ ಮುಟ್ಟಿಸಬೇಕು. ಮದ್ದಳೆಗೆ ಎರಡೂ ಕಡೆ ಪೆಟ್ಟು ಅನ್ನುತ್ತಾರಲ್ಲ, ಅದೇ ಪಾಡು. ಆ ಕೆಲಸದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ತಂಡದ ಅಮೃತಾ ಎಂಬ ಹುಡುಗಿ ವರ್ಷಗಟ್ಟಲೆ ಆನೆ ಲದ್ದಿ ಕೆದಕಿ ಒಂದು ವಿಷಯ ಕಂಡುಕೊಂಡಿದ್ದಳು. ಮಳೆ ಹಿಡಿಯುವ ಹೊತ್ತಿಗೆ ಆನೆಗಳು ಈ ತೋಟಗಳಿಗೆ ನುಗ್ಗುವುದು ಹೆಚ್ಚಾಗಿ ಹಲಸಿನ ಹಣ್ಣಿಗೆ. ಹಣ್ಣಾಗುವ ಮೊದಲೇ ಕಾಯಿ ಇಳಿಸಿ, ಅಂದೇ ಸಾಗಿಸಬೇಕು, ಇಲ್ಲವೇ ಹೂಳಬೇಕು. ಇಷ್ಟೇ ಸಲಹೆ.

"ಇದ್ನ ನಮ್ಮಜ್ಜಿನೂ ಹೇಳ್ತಿದ್ರು," ಎಂದು ನಾನು ನಕ್ಕೆ.

"ಅಜ್ಜಿ ಮಾತಿಗೆ ಆಫೀಸ್‌ಲಿ ಬೆಲೆ ಉಟ್ಟಾ?" ಅಂದರು ಭಾವ.

ಅಮೃತಾಳ ಮಾತಿಗೂ ಅಲ್ಲಿ ಸುಲಭಕ್ಕೆ ಬೆಲೆ ಸಿಗಲಿಲ್ಲ. ಭಾವ ಮೂರು ವರ್ಷ ಪೊನ್ನಂಪೇಟೆಯ ಅರಣ್ಯ ಇಲಾಖೆ ಆಫೀಸಿಗೆ ಚಪ್ಪಲಿ ಸವೆಸಿದರು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರಿಗೆ ವರ್ಗವಾಗಿದೆ, ಹೊಸ ಸಾಹೇಬರಿಗೆ ಮತ್ತೆ ಮೊದಲಿನಿಂದ ಹೇಳಿ. ಹೇಳಿದ್ದನ್ನೇ ಹೇಳಿ ಭಾವನ ಗಂಟಲು ಒಣಗಿತ್ತು. ಅಂತೂ ಈ ವರ್ಷ ಕೆಲವು ಎಸ್ಟೇಟುಗಳಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಫಲ ಕಾಣದಿದ್ದರೆ ಕೈಬಿಡುವುದು ಎಂಬ ಷರತ್ತೂ ಇತ್ತು.

ಕಾಯಿ ಇಳಿಸುವ ದಿನ, ಲೈನಿನಲ್ಲಿರುವ ಯಮುನ ಬಂದು ಮರದ ಬುಡದಲ್ಲಿ ನಿಂತಳು. ಎಸ್ಟೇಟಿನ ಕೆಲಸದವರ ಸಾಲುಮನೆಗೆ ಇಲ್ಲಿ ಎಲ್ಲರೂ ಲೈನ್ ಎಂದೇ ಹೇಳುವುದು.

"ಎಲ್ಲಾ ಹೂಳ್ತೀರಾ ರೈಟರ್ ಸಾರ್? ಮಳೆಗಾಲಕ್ಕೆ ನಮ್ಗೆ ಸಾರಿಗೂ ಪಲ್ಯಕ್ಕೂ ಇದೇ ಅಲ್ವಾ?"

ಹಿಂದೆ ಅಲ್ಲೇ ರೈಟರ್ ಆಗಿದ್ದ ಭಾವ ಆ ಲೈನಿನ ಒಲೆಗಳನ್ನು ಬಲ್ಲವರು. ಬೇಡ ಎನ್ನಲು ನಾಲಿಗೆ ಏಳಲಿಲ್ಲ. "ಮನೆಗೆ ಒಂದೋ ಎರಡೋ ಇಟ್ಕೊಳ್ಳಿ. ಬೇಗ ಬೇಯ್ಸಿ ಮುಗ್ಸಿ," ಅಂದರು.

ಬಡವರ ಮನೆಯಲ್ಲಿ ಒಂದೋ ಎರಡೋ ಎಂದರೆ ಸಿಕ್ಕಷ್ಟು ಎಂದೇ ಅರ್ಥ, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಯಮುನಳ ಅಡುಗೆಮನೆ ಗೋಡೆಗೆ ಒರಗಿಸಿ ಗೋಣಿ ಮುಚ್ಚಿದ್ದ ಬಲಿತ ಕಾಯಿಗಳು ಹಣ್ಣಾಗಿ ವಾಸನೆ ಹರಡಿತು. ಒಂದು ಬೆಳಿಗ್ಗೆ ಒಂಟಿ ಸಲಗ ಬಂದು ಹಣ್ಣು ತಿಂದು ಗೋಡೆ ಕೆಡವಿ ಹೋಯಿತು. ಯಮುನಳೂ ಅವಳ ಅತ್ತೆಯೂ ಮುಂದಿನ ಕೋಣೆಯಲ್ಲಿದ್ದರು. ಅದೊಂದು ಪುಣ್ಯ.

ಪೊನ್ನಂಪೇಟೆಯಲ್ಲಿ ಮೀಟಿಂಗ್ ಕರೆದರು. ಜೀಪು ಓಡಿಸಿದ್ದು ನಾನು. ದಾರಿಯಲ್ಲಿ ಭಾವ ಹೇಳಿದ್ದು ಇಷ್ಟು. ಸುಮ್ಮನಿದ್ದರೆ ಸಲಹೆ ಸುಳ್ಳು ಎಂದು ಪ್ರಯೋಗ ನಿಲ್ಲಿಸುತ್ತಾರೆ, ಮುಂದಿನ ವರ್ಷ ಮತ್ತೆ ಪ್ರತಿ ಮರದ ಬುಡಕ್ಕೂ ಆನೆ. ಲೈನಿನವರು ಕಾಯಿ ಕೂಡಿಟ್ಟಿದ್ದರು ಎಂದರೆ ತಪ್ಪೆಲ್ಲ ಯಮುನಳ ತಲೆಗೆ, ಗೋಡೆಯ ಪರಿಹಾರವೂ ಇಲ್ಲ.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬ ಪ್ಲಾಂಟರ್ ಎದ್ದು ನಿಂತು, "ಹಲಸು ತೆಗೆದ್ರೂ ಆನೆ ಬಂತಲ್ಲ ಸಾರ್? ಇದು ಕಂಪ್ಯೂಟರ್ ಮುಂದೆ ಕೂತು ಮಾಡಿದ ಸ್ಟಡಿ. ನಿಲ್ಸಿಬಿಡಿ," ಅಂದ. ಅಮೃತಾ ಭಾವನ ಮುಖ ನೋಡಿದಳು.

ಭಾವ ಮೇಜು ಹಿಡಿದು ನಿಧಾನಕ್ಕೆ ಎದ್ದರು. "ಕಾಯಿ ಲೈನಲ್ಲಿ ಇಟ್ಕೊಳ್ಳಿ ಅಂದಿದ್ದು ನಾನು ಸಾರ್. ಸ್ಟಡಿದೂ ತಪ್ಪಿಲ್ಲ, ಲೈನಿನವರದ್ದೂ ತಪ್ಪಿಲ್ಲ."

ಪ್ರಯೋಗ ಉಳಿಯಿತು. ಯಮುನಳಿಗೆ ಪರಿಹಾರ ಕೊಡಲೂ ಒಪ್ಪಿದರು. ಇನ್ನು ಮುಂದೆ ಲೈನಿನಲ್ಲಿ ಒಂದು ಕಾಯಿಯೂ ಇರಕೂಡದು ಎಂಬ ನಿಯಮ ಹೊಸದಾಗಿ ಸೇರಿತು. ಮೀಟಿಂಗಿನ ನಡಾವಳಿಯಲ್ಲಿ 'ಕ್ಷೇತ್ರ ಸಂಯೋಜಕರ ಲೋಪ', ಅಂದರೆ ಭಾವನ ಲೋಪ, ಎಂದು ಬರೆಸಿದರು. ಮೆಟ್ಟಿಲ ಹತ್ತಿರ ಅಮೃತಾ ಕಣ್ಣು ತುಂಬಿಕೊಂಡು ಥ್ಯಾಂಕ್ಸ್ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು.

"ಇನ್ ಸಾಕು ಬುಡಿ ಭಾವ, ಈ ಕೆಲ್ಸ."

"ಲೈನಿಗೆ ಹೋಕು," ಅಂದರು, ಹೋಗಲೇಬೇಕು ಎನ್ನುವ ದನಿಯಲ್ಲಿ. "ನಾನೇ ಹೇಳೊಕು."

ಹೊಸ ನಿಯಮವನ್ನು ಬೇರೆ ಯಾರೋ ಬಂದು ದಬಾಯಿಸಿ ಹೇಳುವುದು ಅವರಿಗೆ ಬೇಡವಾಗಿತ್ತು. ಯಮುನಳ ಮನೆಯ ಹಿಂಬದಿಗೆ ನೀಲಿ ಟಾರ್ಪಾಲು ಕಟ್ಟಿದ್ದರು. ಲೈನಿನವರೆಲ್ಲ ಸೇರಿದರು, ಭಾವ ಹೇಳಿದರು.

"ನಮ್ಗೆ ಒಂದೂ ಇಲ್ವಾ ಸಾರ್?" ಯಮುನ ಕೇಳಿದಳು.

"ಒಂದೂ ಇಲ್ಲ ಯಮುನ."

ಅವಳು ಒಳಗೆ ಹೋಗಿ ಮಂಚದ ಕೆಳಗಿಂದ ಒಂದು ಎಳೆಗಾಯಿ ತಂದಳು. ಅದೊಂದೇ ಉಳಿದಿತ್ತಂತೆ. "ನೀವು ಇಟ್ಕೊಳ್ಳಿ ಅಂದ್ರಿ, ಇಟ್ಕೊಂಡೆ. ಈಗ ಬೇಡ ಅಂತೀರಿ. ತಗೊಳ್ಳಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಭಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಕಾಯಿ ತೆಗೆದುಕೊಂಡು ಹಾರೆ ಕೇಳಿದರು. ಯಮುನಳೇ ತಂದುಕೊಟ್ಟಳು. ನಾನು ಮುಂದೆ ಹೋದರೆ ಕೈಯಲ್ಲೇ ತಡೆದರು. ಲೈನಿನ ಮಕ್ಕಳೆಲ್ಲ ನೋಡುತ್ತಿರುವಾಗ, ತಿನ್ನಲು ಬರುವ ಆ ಕಾಯಿಯನ್ನು ತಾವೇ ಗುಂಡಿ ತೋಡಿ ಹೂಳಿದರು.