ಸಂಸತ್ತಿನಲ್ಲಿ ನಾನು ಅಜ್ಜಿಯಾದದ್ದು

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊಮ್ಮಗಳು ಓದುತ್ತಿರುವುದು ಬೇಸಾಯದ ಕಾಲೇಜಿನಲ್ಲಿ. ಅವಳು ಬರೆದ ಅರ್ಜಿಯನ್ನು ನಮ್ಮ ಎಂಪಿ ದೆಹಲಿಯ ಪಾರ್ಲಿಮೆಂಟಿನಲ್ಲಿ ನಿಂತು ಓದಿದರು. ಒಂದಕ್ಷರ ಬಿಡದೆ ಓದಿದರು. ಬಿಡಬೇಕಾದ್ದನ್ನೂ ಬಿಡದೆ ಓದಿದರು. ಆ ಸಂತೋಷ ನನ್ನ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಕ್ಯಾತನಹಳ್ಳಿಯಲ್ಲಿ ನಾಲೆ ಪಕ್ಕ ನಮ್ಮ ಕಬ್ಬಿನ ಗದ್ದೆ. ಆ ಸಲ ಕಡಿಯುವ ಹೊತ್ತು ಮೀರಿ ಕಬ್ಬು ಹೂ ಬಿಟ್ಟಿತ್ತು. ಬಸ್ಸಿನಲ್ಲಿ ಹೋಗುವವರಿಗೆ ಬೆಳ್ಳಗೆ ಚಾಮರ ಬೀಸಿದಂತೆ ಚೆಂದ. ಬೆಳೆದವರಿಗೆ ಎದೆ ಧಸಕ್ಕೆನ್ನುತ್ತದೆ, ಹೂ ಬಂದ ಕಬ್ಬು ದಿನದಿನಕ್ಕೂ ರಸ ಕಳೆದುಕೊಂಡು ಒಳಗೊಳಗೇ ಬೆಂಡಾಗುತ್ತದಲ್ಲ. ಮೊದಲು ನೆಟ್ಟವರದು ಮೊದಲು ಕಟಾವು ಎಂಬುದು ಸಕ್ಕರೆ ಕಾರ್ಖಾನೆಯ ಕಟ್ಟಳೆ. ಕಡಿಯುವ ಗ್ಯಾಂಗು ಕಳಿಸುವ ಫೀಲ್ಡ್‌ಮನ್ನಿನ ಕಟ್ಟಳೆಯೇ ಬೇರೆ: ಮೊದಲು ಲೀಡರುಗಳ ಗದ್ದೆ, ಆಮೇಲೆ ಲೀಡರುಗಳ ಭಾಮೈದರ ಗದ್ದೆ. ನನಗೆ ಮಾತ್ರ ದಿನಾ ಒಂದೇ ಉತ್ತರ, "ನಾಳೆ ಕಣಮ್ಮ."

ಮೊಮ್ಮಗಳು ಸಿಟ್ಟಿನಲ್ಲಿ ಅರ್ಜಿ ಬರೆದಳು. ಎಂಪಿ ಪಾಂಡವಪುರಕ್ಕೆ ಯಾವುದೋ ಕಟ್ಟಡದ ಟೇಪು ಕತ್ತರಿಸಲು ಬಂದಾಗ ಜನರ ನಡುವೆ ನುಗ್ಗಿ ಕೈಗೇ ಕೊಟ್ಟಳು. "ರೈತರ ದನಿಯಾಗ್ತೀನಿ ಕಣವ್ವ" ಅಂದವರೇ, ಬಿಚ್ಚಿಯೂ ನೋಡದೆ ಅದನ್ನು ಪಿ.ಎ. ಕೈಗೆ ದಾಟಿಸಿದರು.

ರೈತರಿಗೆ ನೆರವು ಕೊಡುವ ಬಗ್ಗೆ ಸಂಸತ್ತಿನಲ್ಲಿ ಚರ್ಚೆ ನಡೆದ ದಿನ ಮೊಮ್ಮಗಳು ಫೋನನ್ನು ಚೊಂಬಿಗೆ ಒರಗಿಸಿ ಇಟ್ಟಳು. ಪಕ್ಕದ ಗದ್ದೆಯ ಯಜಮಾನನೂ ಬಂದು ಕೂತ. ರಕ್ತಸಂಬಂಧವಿಲ್ಲ, ಊರ ವರಸೆಯಲ್ಲಿ ನನಗೆ ಭಾವ. ನಮ್ಮ ಎಂಪಿ ಎದ್ದು, "ನಾನೂ ಒಬ್ಬ ರೈತನ ಮಗ" ಎಂದು ಶುರು ಮಾಡಿದರು. ಅವರಿಗಿಂತ ಮುಂಚೆ ಮಾತಾಡಿದವರೂ ರೈತನ ಮಕ್ಕಳೇ ಅಂತೆ. ಅಷ್ಟೊಂದು ರೈತನ ಮಕ್ಕಳು ಒಂದೇ ಸೂರಿನಡಿ ಕೂತಿದ್ದರೆ ಇಲ್ಲಿ ಕಳೆ ಕೀಳಲು ಜನ ಎಲ್ಲಿಂದ ಸಿಗಬೇಕು!

ಹೊತ್ತು ಮುಗಿಯಿತೆಂದು ಗಂಟೆ ಬಾರಿಸಿದರು. ಎಂಪಿ ಗಾಬರಿಯಲ್ಲಿ ಕೈಗೆ ಸಿಕ್ಕ ಕಾಗದ ಎತ್ತಿಕೊಂಡು ಓದತೊಡಗಿದರು. "ಕ್ಯಾತನಹಳ್ಳಿಯಲ್ಲಿ ನನ್ನ ಅಜ್ಜಿಯ ಕಬ್ಬು ಹೂ ಬಿಟ್ಟು ನಿಂತಿದೆ. ಅಜ್ಜಿ ಸರಿಯಾಗಿ ಊಟ ಮಾಡುತ್ತಿಲ್ಲ. ನಾನು ಹಾಸ್ಟೆಲಿನಿಂದ ಬಂದಾಗಲೆಲ್ಲ ಬದುವಿನ ಮೇಲೆ ಒಬ್ಬರೇ ಕೂತಿರುತ್ತಾರೆ..."

ಹಾಸ್ಟೆಲು ಅನ್ನುವಾಗ ಏನೋ ಎಡವಟ್ಟಾಯಿತೆಂದು ಅವರಿಗೂ ಹೊಳೆದಿರಬೇಕು. ನಿಲ್ಲಿಸಿ, ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಅಳುತ್ತಿದ್ದಾರೆಂದು ತಿಳಿದು ಉಳಿದವರೆಲ್ಲ ಮೇಜು ಕುಟ್ಟಿದರು. ಮೇಜು ಕುಟ್ಟಿದ ಮೇಲೆ ನಿಲ್ಲಿಸುವುದು ಹೇಗೆ? ಕೊನೆಯಲ್ಲಿದ್ದ ನನ್ನ ಹೆಸರು, ಗದ್ದೆಯ ಸರ್ವೆ ನಂಬರಿನವರೆಗೂ ಓದಿಯೇ ಕೂತರು. ಮಂತ್ರಿಗಳು ಎದ್ದು, ಮಾಹಿತಿ ತರಿಸಿಕೊಳ್ಳುತ್ತೇವೆ ಎಂದರು.

ಭಾವ ನನ್ನ ಕಡೆ ತಿರುಗಿದ. "ಅಲ್ಲಮ್ಮಿ, ಈ ಎಂಪಿ ಯಾವಾಗ ನಿಂಗೆ ಮೊಮ್ಮಗ ಆದ? ನಾಮಕರಣಕ್ಕೂ ಕರೀನಿಲ್ವಲ್ಲ!"

ಮಾರನೆಯ ಬೆಳಿಗ್ಗೆ ಫೀಲ್ಡ್‌ಮನ್ನು ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟ. "ಎಂಪಿ ಸಾಹೇಬ್ರು ನಿಮ್ ಮೊಮ್ಮಗ ಅಂತ ಒಂದ್ ಮಾತು ಯೋಳ್ಬಾರ್ದಿತ್ತಾ ಅಮ್ಮಾ?"

ಮೊಮ್ಮಗಳು ನಿಜ ಹೇಳಲು ಬಾಯಿ ತೆರೆದಳು. ನಾನು ಹಿಂದಿನಿಂದ ಮೆಲ್ಲಗೆ ಚಿವುಟಿದೆ. "ಅಷ್ಟು ದೊಡ್ ಸಭೇಲಿ ಅವ್ರೇ ಯೋಳವ್ರೆ. ಅಲ್ಲಿ ಯಾರಾದ್ರೂ ಸುಳ್ಳು ಯೋಳ್ತಾರೇನಪ್ಪ?"

ಅವನಿಗೆ ಅನುಮಾನ. ಜಗುಲಿಯಲ್ಲೇ ನಿಂತು ಪಿ.ಎ.ಗೆ ಫೋನು ಮಾಡಿ ಸ್ಪೀಕರ್ ಹಾಕಿದ. ಆ ಕಡೆ ಪಿ.ಎ. ಎರಡು ಸಲ ಕೆಮ್ಮಿದ. ಅಜ್ಜಿಯಲ್ಲ ಎಂದರೆ ಸಾಹೇಬರು ಯಾರದೋ ಅರ್ಜಿಯನ್ನು ತಮ್ಮದೆಂದು ಓದಿದರು ಅಂತಾಗುತ್ತದೆ. ಕಾಗದ ಜೋಡಿಸಿಕೊಟ್ಟವನು ಅವನೇ. "ಸದನದಲ್ಲಿ ರೆಕಾರ್ಡ್ ಆಗಿದೆ ಕಣ್ರೀ" ಎಂದ ಕೊನೆಗೆ. "ಅಲ್ಲಿ ಅಜ್ಜಿ ಅಂದ್ಮೇಲೆ ಅಜ್ಜೀನೇ. ಇಡ್ರೀ ಫೋನು!"

"ಈಗ್ಲೇ ಗ್ಯಾಂಗು ನಿಮ್ ಗದ್ದೆಗೆ ಇಳುಸ್ತೀನಮ್ಮ" ಎಂದ ಫೀಲ್ಡ್‌ಮನ್ನು.

ಸುಳ್ಳೇಕೆ ಹೇಳಲಿ, ಹೂಂ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಬೈಕಿನ ಸದ್ದಿಗೆ ಬಂದ ಭಾವ ಅಲ್ಲೇ ನಿಂತಿದ್ದ. ಅವನು ನೆಟ್ಟಿದ್ದು ನನಗಿಂತ ಮುಂಚೆ, ಅವನ ಕಬ್ಬು ಹೂ ಬಿಟ್ಟದ್ದೂ ಮುಂಚೆ. ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡುತ್ತಿದ್ದ. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಮೊದ್ಲು ಇವ್ರುದು ಕಡ್ಸಪ್ಪ. ನಂಗೆ ಭಾವ ಅಂದ್ರೆ ನಿಮ್ ಎಂಪಿಗೆ ತಾತ."

ಮಾತು ಬೀದಿಗೆ ಬಿದ್ದದ್ದೇ ತಡ, ಮಧ್ಯಾಹ್ನದೊಳಗೆ ನಾಲೆ ಸಾಲಿನವರೆಲ್ಲ ನಮ್ಮ ಜಗುಲಿಯಲ್ಲಿದ್ದರು. ಊರಿನಲ್ಲಿ ವರಸೆಯಿಲ್ಲದವರು ಯಾರು? ನನ್ನನ್ನು ಚಿಕ್ಕವ್ವ ಅನ್ನುವವನು ಎಂಪಿಗೆ ಸೋದರಮಾವನಾದ. ಅತ್ತೆ ಅನ್ನುವವಳು ಅವರಿಗೆ ದೊಡ್ಡಮ್ಮನೋ ಸೋದರತ್ತೆಯೋ ಎಂದು ಇಬ್ಬರು ಮುದುಕರು ಕೈಕೈ ಮಿಲಾಯಿಸುವುದೊಂದು ಬಾಕಿ. ಮೊಮ್ಮಗಳು ನಕ್ಕು ನಕ್ಕು, ಯಾರು ಯಾವಾಗ ನೆಟ್ಟರೆಂದು ಸಾಲಾಗಿ ಬರೆದು ಫೀಲ್ಡ್‌ಮನ್ನಿನ ಕೈಗಿಟ್ಟಳು.

"ಇಡೀ ನಾಲೇನೇ ಎಂಪಿ ನೆಂಟ್ರೇನಮ್ಮ?" ಎಂದು ಅವನು ತಲೆ ಮೇಲೆ ಕೈಹೊತ್ತ.

"ನಿಮ್ಮವ್ವನ ತೌರು ಯಾವೂರಪ್ಪ? ಕಿರಂಗೂರಾ? ಅಲ್ಲೂ ನಮ್ ನೆಂಟ್ರವ್ರೆ. ಅಂಗಾರೆ ನೀನೂ ನೆಂಟಸ್ತಿಕೇಲಿ ಬಿಟ್ಟೋಗಾಕಿಲ್ಲ ಬುಡು!" ಎಂದೆ.

ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. ನೆಟ್ಟ ಸಾಲಿನಂತೆಯೇ ಕಡಿಸಿದ. ಕಾರ್ಖಾನೆಯ ಗೋಡೆಯ ಮೇಲೆ ಬರೆದಿದ್ದರೂ ನಡೆಯದ ಕಟ್ಟಳೆ ಎಂಪಿಗೆ ನೆಂಟರು ಹುಟ್ಟಿಕೊಂಡ ಮೇಲೆ ನಡೆಯಿತು. ನಾಗಮಂಗಲದಿಂದ ತಂಗಿ ಫೋನು ಮಾಡಿ, ಸರ್ಕಲಿನಲ್ಲಿ "ರೈತರ ಕಣ್ಣೀರು ಒರೆಸಿದ ನಾಯಕ" ಎಂದು ಬ್ಯಾನರು ಕಟ್ಟಿದ್ದಾರೆ ಎಂದಳು. ಕಟ್ಟಲಿ. ಪಟ ಅವರದು, ಅಲ್ಲಿ ಓದಿದ ಮಾತು ನನ್ನ ಮೊಮ್ಮಗಳದು.

ಭಾವನ ಗದ್ದೆ ಮುಗಿಸಿ ಗ್ಯಾಂಗಿನವರು ನಮ್ಮದಕ್ಕೆ ಇಳಿದರು. ಎಲ್ಲವೂ ಬೆಂಡಾಗಿದ್ದರೆ ಗತಿಯೇನೆಂದು ನಾನು ಬದುವಿನ ಮೇಲೇ ನಿಂತುಬಿಟ್ಟೆ. ಮೊಮ್ಮಗಳು ಮೊದಲ ಜಲ್ಲೆ ಎಳೆದುಕೊಂಡು ಸಿಗಿದು ಅಗಿದಳು.

"ತುದಿ ಒಸಿ ಬೆಂಡಾಗದೆ ಕಣಜ್ಜಿ. ಬುಡ ಇನ್ನೂ ಸಿಹಿಯಾಗೇ ಅದೆ" ಎಂದು ಬುಡದ ತುಂಡನ್ನೇ ಮುರಿದು ನನ್ನ ಕೈಗಿಟ್ಟಳು. ಇರುವ ನಾಲ್ಕು ಹಲ್ಲಿನಲ್ಲೇ ಕಚ್ಚಿದೆ. ರಸ ಮೊಣಕೈವರೆಗೂ ಹರಿಯಿತು.