ನೋಡಿಕೊಳ್ಳುವ ಮಾತು

ನಮ್ಮ ಚಿಕ್ಕಮ್ಮನಿಗೆ ಇಂಗ್ಲಿಷಿನ ಮೇಲಿದ್ದಷ್ಟು ಅನುಮಾನ ಅವಳ ಅತ್ತೆಯ ಮೇಲೂ ಇರಲಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. 'ಲುಕ್' ಗೊತ್ತು, 'ಆಫ್ಟರ್' ಗೊತ್ತು. ಎರಡೂ ಕೂಡಿದರೆ ಮೂರನೆಯದೇ ಏನೋ ಆಗುವುದು ಅವಳಿಗೆ ಸರಿಬರುತ್ತಿರಲಿಲ್ಲ.

"ಒಂಟಿಯಾಗಿದ್ರೆ ಸಾಧುಗಳು. ಜೊತೆ ಸೇರಿದ್ರೆ ಖದೀಮರು."

ಅದೇ ಹೋಟೆಲಿನ ಮುಂಬಾಗಿಲ ಕೌಂಟರಿನಲ್ಲಿ ನನಗೆ ಕೆಲಸ. ಚಹಾದ ಹೊತ್ತಿಗೆ ಬಂದು ಅರ್ಥ ಕೇಳುತ್ತಿದ್ದಳು, ಹೇಳಿದರೆ ನಂಬುತ್ತಿರಲಿಲ್ಲ. ಹೊಸ ಬಟ್ಟೆ ಕೈಗೆ ಬಂದರೆ ಮೊದಲು ಒಳಮಡಿಕೆಗೆ ಇಸ್ತ್ರಿ ಮುಟ್ಟಿಸಿ ನೋಡುವುದು ಅವಳ ಪದ್ಧತಿ. ಮಾತಿಗೂ ಅದೇ ಪರೀಕ್ಷೆ.

"ಇದನ್ನ ಮೊದಲು ಯಾರಿಗೆ ಹೇಳಿದ್ರು? ಆಮೇಲೆ ಅವರಿಗೇನಾಯ್ತು?"

ಲಾಂಡ್ರಿಗೆ ಇಸ್ತ್ರಿ ಯಂತ್ರ ಬರುತ್ತದೆಂಬ ಸುದ್ದಿ ಹಬ್ಬಿತು. ಅದು ಬಂದರೆ ಚಿಕ್ಕಮ್ಮನ ಮೇಜಿಗೆ ಜಾಗವಿಲ್ಲ, ಮೇಜಿಲ್ಲದಿದ್ದರೆ ಅವಳಿಗೂ ಇಲ್ಲ. ಆಗಲೇ ಮ್ಯಾನೇಜರು ಅವಳ ಭುಜ ತಟ್ಟಿ, "ವಿ ವಿಲ್ ಲುಕ್ ಆಫ್ಟರ್ ಯು" ಎಂದರು.

"ಚೆನ್ನಾಗಿ ನೋಡ್ಕೋತೀವಿ ಅಂತ ಅರ್ಥ, ಚಿಕ್ಕಮ್ಮ. ಹಗ್ಗ ಕಂಡ್ರೂ ಹಾವು ಅಂತೀಯಲ್ಲ!"

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಇಲ್ಲೇ ಬಟ್ಟೆ ಒಗೀತಿದ್ದ ಅಜ್ಜನಿಗೂ ಇದನ್ನೇ ಹೇಳಿದ್ರು. ಎಲ್ಲಿದ್ದಾನೆ ಅಜ್ಜ?"

ಅಜ್ಜ ಮನೆಯಲ್ಲಿದ್ದ. ವಯಸ್ಸಾಯಿತು, ತಾನೇ ಕೆಲಸ ಬಿಟ್ಟ ಎಂದು ನಾವೆಲ್ಲ ಮಾತಾಡಿಕೊಂಡಿದ್ದೆವು. ನನ್ನೊಳಗೂ ಹುಳ ಹೊಕ್ಕಿತು. ನೇರ ಮ್ಯಾನೇಜರ ಕೋಣೆಗೆ ಹೋಗಿ ಚಿಕ್ಕಮ್ಮನ ಕೆಲಸದ ಬಗ್ಗೆ ಕೇಳಿದೆ. ನಗುನಗುತ್ತಲೇ, "ವಿ ವಿಲ್ ಲುಕ್ ಇಂಟು ಇಟ್" ಎಂದರು. ವಿಚಾರಿಸುತ್ತಾರಂತೆ ಎಂದು ಬಂದು ಹೇಳಿದೆ.

"ಇದನ್ನ ಮೊದಲು ಯಾರಿಗೆ ಹೇಳಿದ್ರು?"

ನನಗೇ ಹೇಳಿದ್ದರು, ಕೌಂಟರಿನ ಹಿಂದೆ ಸೋರುವ ಚಾವಣಿಯ ವಿಷಯದಲ್ಲಿ. ಸೋರುವ ನೀರಿಗೆ ಇಟ್ಟ ಬಕೆಟ್ಟು ಇನ್ನೂ ಅಲ್ಲೇ ಇತ್ತು. ಚಿಕ್ಕಮ್ಮ ಅದನ್ನೊಮ್ಮೆ ನೋಡಿ, ಲೋಟ ತೊಳೆದಿಟ್ಟು ಹೋದಳು.

ಸೋಮವಾರ ಬಂದಾಗ ಅವಳ ಮೇಜು ಹಿತ್ತಲಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಮ್ಯಾನೇಜರು ಊರಲ್ಲಿರಲಿಲ್ಲ. ಚಿಕ್ಕಮ್ಮ ಅಳಲಿಲ್ಲ, ನೀರು ಚಿಮುಕಿಸುವ ತನ್ನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಗೇಟಿನವರೆಗೂ ಹೋಗಿ ಅವಳ ಭುಜ ಹಿಡಿದುಕೊಂಡೆ.

"ಯೋಚನೆ ಮಾಡ್ಬೇಡ ಚಿಕ್ಕಮ್ಮ, ನಾನಿಲ್ವಾ? ನಾನು ನೋಡ್ಕೋತೀನಿ."

ಚಿಕ್ಕಮ್ಮ ಭುಜದ ಮೇಲಿದ್ದ ನನ್ನ ಕೈಯನ್ನೇ ನೋಡಿದಳು.

"ಇದು ನಮ್ಮ ಮಾತಾ," ಎಂದು ಕೇಳಿದಳು, "ಇಲ್ಲಾ ಇಂಗ್ಲಿಷಿಂದ ತಂದಿದ್ದಾ?"